ಕಿರಿಯ ಇಂಟರ್‌ಫೇಸಿನ ತತ್ತ್ವ: ಅದರ ಉಗಮ ಮತ್ತು ಬೆಳವಣಿಗೆ

೧

ತಂತ್ರಾಂಶ ರಚನೆಯನ್ನು ಕುರಿತ ಪಠ್ಯಗ್ರಂಥಗಳಲ್ಲಿ ಇಂದು ಐದು ಸೂತ್ರಗಳ ಒಂದು ಪಂಚಕ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅವುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ‘ಸಾಲಿಡ್’ ಎಂಬ ಸಂಕೇತಪದವೊಂದನ್ನು ಮಾಡಿಕೊಂಡಿದ್ದಾರೆ. ಆ ಐದರಲ್ಲಿ ನಾಲ್ಕನೆಯದು ಇಂಟರ್‌ಫೇಸುಗಳ ವಿಭಜನೆಯ ಸೂತ್ರ. ಪ್ರೋಗ್ರಾಮಿನ ಯಾವ ಭಾಗವೂ ತನಗೆ ಬೇಡವಾದ ಕಾರ್ಯಗಳಿಂದ ಕೂಡಿದ ಇಂಟರ್‌ಫೇಸನ್ನು ಅವಲಂಬಿಸಬೇಕಾಗಿ ಬರಬಾರದು ಎಂಬುದೇ ಅದರ ತಾತ್ಪರ್ಯ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಈ ಸೂತ್ರ ಯಾವ ತೊಂದರೆಗೆ ಪರಿಹಾರವಾಗಿ ಹುಟ್ಟಿತು, ಅದಕ್ಕೆ ಮುಂಚೆ ಯಾವ ಯಾವ ವಿಚಾರಗಳು ಬಂದುಹೋದವು ಎಂಬುದನ್ನು ತಿಳಿಯದೆ ಹೋದರೆ, ಉಳಿಯುವುದು ‘ಇಂಟರ್‌ಫೇಸು ಚಿಕ್ಕದಾಗಿರಬೇಕು’ ಎಂಬ ಒಂದು ವಿಧಿ ಮಾತ್ರ. ಎಷ್ಟು ಚಿಕ್ಕದು, ಯಾರಿಗಾಗಿ ಚಿಕ್ಕದು, ಚಿಕ್ಕದಾದುದರಿಂದ ಬಂದ ಲಾಭವೇನು ಎಂಬ ಪ್ರಶ್ನೆಗಳಿಗೆ ಆ ವಿಧಿಯಲ್ಲಿ ಉತ್ತರವಿಲ್ಲ.

ಪ್ರಕೃತ ಲೇಖನದ ಉದ್ದೇಶ ಈ ತತ್ತ್ವದ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು. ಈ ಚರಿತ್ರೆಯಿಂದ ತಿಳಿದುಬರುವ ಮುಖ್ಯಾಂಶವನ್ನು ಮೊದಲೇ ಹೇಳಿಬಿಡಬಹುದು: ಕಿರಿದುತನವೆಂಬುದು ಇಲ್ಲಿ ಫಲವೇ ಹೊರತು ಕಾರಣವಲ್ಲ. ವಸ್ತುವನ್ನು ರಚಿಸುವವನ ದೃಷ್ಟಿಯಿಂದ ವಸ್ತುವನ್ನು ಬಳಸುವವನ ದೃಷ್ಟಿಗೆ ವಿಚಾರ ತಿರುಗಿದಾಗ, ಇಂಟರ್‌ಫೇಸು ತಾನಾಗಿಯೇ ಕಿರಿದಾಯಿತು. ಆ ತಿರುವಿಗೆ ಸುಮಾರು ಮೂವತ್ತು ವರ್ಷಗಳು ಹಿಡಿದವು.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ‘ಇಂಟರ್‌ಫೇಸ್’, ‘ಕ್ಲಾಸ್’, ‘ಮಾಡ್ಯೂಲ್’, ‘ಮೆಥಡ್’ ಎಂಬ ಪದಗಳು ನಮ್ಮ ತರಗತಿಗಳಲ್ಲಿ ಬಳಕೆಗೆ ಬಂದುಬಿಟ್ಟಿರುವುದರಿಂದ ಅವನ್ನೇ ಇಲ್ಲಿ ಉಳಿಸಿಕೊಂಡಿದೆ. ಇಂಟರ್‌ಫೇಸ್ ಎಂದರೆ, ಪ್ರೋಗ್ರಾಮಿನ ಒಂದು ಭಾಗವು ಇನ್ನೊಂದು ಭಾಗಕ್ಕೆ ‘ನನ್ನನ್ನು ಈ ಈ ರೀತಿ ಕೇಳಬಹುದು, ಕೇಳಿದರೆ ಇಂತಹುದನ್ನು ಮಾಡಿಕೊಡುತ್ತೇನೆ’ ಎಂದು ಒಪ್ಪಿಕೊಂಡ ಕರಾರು. ಒಳಗೆ ಆ ಕೆಲಸ ಹೇಗೆ ನಡೆಯುತ್ತದೆಂಬುದು ಕರಾರಿನ ಹೊರಗಿನ ವಿಷಯ.

೨

ವಸ್ತುಪ್ರಧಾನ ಪ್ರೋಗ್ರಾಮಿಂಗ್ ಪದ್ಧತಿಯ ಮೂಲವನ್ನು ನಾರ್ವೆ ದೇಶದ ಆಸ್ಲೋ ನಗರದಲ್ಲಿ ಹುಡುಕಬೇಕು. ಅಲ್ಲಿನ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್ ಎಂಬ ಸಂಸ್ಥೆಯಲ್ಲಿ ಓಲೆ-ಯೊಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬ ಇಬ್ಬರು ವಿದ್ವಾಂಸರು ೧೯೬೦ರ ದಶಕದಲ್ಲಿ ‘ಸಿಮುಲಾ’ ಭಾಷೆಯನ್ನು ರಚಿಸಿದರು. ವಾಸ್ತವ ಪ್ರಪಂಚದ ವ್ಯವಸ್ಥೆಗಳನ್ನು ಗಣಕಯಂತ್ರದಲ್ಲಿ ಅನುಕರಿಸಿ ಪರೀಕ್ಷಿಸುವುದು ಅವರ ಮೊದಲ ಗುರಿಯಾಗಿತ್ತು. ೧೯೬೭ರ ಸಿಮುಲಾದಲ್ಲಿ ದತ್ತಾಂಶವನ್ನೂ ಅದರ ಮೇಲೆ ನಡೆಯುವ ಕ್ರಿಯೆಗಳನ್ನೂ ಒಂದೇ ಘಟಕದಲ್ಲಿ ಕೂಡಿಸುವ ‘ಕ್ಲಾಸ್’ ಎಂಬ ಕಲ್ಪನೆ, ಒಂದು ಕ್ಲಾಸಿನಿಂದ ಇನ್ನೊಂದನ್ನು ಬೆಳೆಸುವ ವಿಧಾನ, ಮತ್ತು ಮೂಲ ಕ್ಲಾಸಿನಲ್ಲಿ ಹೆಸರಿಸಿದ ಕ್ರಿಯೆಯನ್ನು ಉಪಕ್ಲಾಸಿನಲ್ಲಿ ಬೇರೆ ರೀತಿಯಾಗಿ ನಿರೂಪಿಸುವ ‘ವರ್ಚುವಲ್’ ಸೌಕರ್ಯ, ಈ ಮೂರೂ ಸೇರಿದ್ದುವು. ಈ ಇಬ್ಬರಿಗೂ ೨೦೦೧ನೆಯ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಆದರೆ ನಮ್ಮ ವಿಷಯಕ್ಕೆ ಮುಖ್ಯವಾದುದು ಆ ಭಾಷೆಯಲ್ಲಿ ಮೊದಲು ಇಲ್ಲದಿದ್ದ ಒಂದು ಅಂಶ. ೧೯೬೭ರ ಸಿಮುಲಾದಲ್ಲಿ ಒಂದು ವಸ್ತುವಿನ ಒಳಗಿದ್ದ ಎಲ್ಲ ಅಂಶಗಳೂ ಹೊರಗಿನವರಿಗೆ ತೆರೆದೇ ಇದ್ದುವು. ಒಳಗುಟ್ಟು, ಹೊರಮೈ ಎಂಬ ಭೇದವನ್ನು ಭಾಷೆ ಮಾಡಿರಲಿಲ್ಲ. ಮರೆಮಾಡುವ ಸೌಕರ್ಯವನ್ನು ಅದಕ್ಕೆ ಸೇರಿಸಿದುದು ೧೯೭೦ರ ದಶಕದಲ್ಲಿ. ಎಂದರೆ ವಸ್ತುವಿನ ಕಲ್ಪನೆ ಹುಟ್ಟಿದಾಗ ಇಂಟರ್‌ಫೇಸಿನ ಕಲ್ಪನೆ ಅದರ ಜೊತೆಯಲ್ಲಿ ಹುಟ್ಟಲಿಲ್ಲ. ಇವೆರಡೂ ಬೇರೆ ಬೇರೆ ಕಡೆಗಳಿಂದ ಹರಿದು ಬಂದ ವಿಚಾರಗಳು.

೩

ಎರಡನೆಯ ವಿಚಾರದ ಮೂಲ ಡೇವಿಡ್ ಪಾರ್ನಸ್ ಅವರ ಬರಹಗಳಲ್ಲಿದೆ. ದೊಡ್ಡ ಪ್ರೋಗ್ರಾಮುಗಳು ಹೇಳಿದ ಕಾಲಕ್ಕೆ ಮುಗಿಯದೆ, ಮುಗಿದರೂ ನೆಚ್ಚಲಾಗದೆ ಇದ್ದ ಸಂಕಟವನ್ನು ೧೯೬೮ರಲ್ಲಿ ಜರ್ಮನಿಯ ಗಾರ್ಮಿಶ್ ಎಂಬಲ್ಲಿ ನಡೆದ ಸಮ್ಮೇಳನದಲ್ಲಿ ತಜ್ಞರು ಬಹಿರಂಗವಾಗಿ ಚರ್ಚಿಸಿದ್ದರು. ಪ್ರೋಗ್ರಾಮನ್ನು ಭಾಗಗಳಾಗಿ ಒಡೆಯಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಯಾವ ಗೆರೆಯ ಮೇಲೆ ಒಡೆಯಬೇಕೆಂಬುದೇ ಪ್ರಶ್ನೆ. ಪಾರ್ನಸ್ ಅವರು ೧೯೭೨ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪ್ರಬಂಧ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು.

ಅವರು ಆರಿಸಿಕೊಂಡ ಉದಾಹರಣೆ ಅಕಾರಾದಿ ಸೂಚಿಯೊಂದನ್ನು ತಯಾರಿಸುವ ಪ್ರೋಗ್ರಾಮು. ಹಲವು ಸಾಲುಗಳನ್ನು ಅದಕ್ಕೆ ಕೊಡಲಾಗುತ್ತದೆ. ಪ್ರತಿಯೊಂದು ಸಾಲಿನ ಮೊದಲ ಪದವನ್ನು ಕೊನೆಗೆ ಸಾಗಿಸುತ್ತಾ ಅದರ ಎಲ್ಲ ಆವರ್ತರೂಪಗಳನ್ನೂ ಮಾಡಿ, ಬಂದ ಸಾಲುಗಳನ್ನೆಲ್ಲ ಅಕ್ಷರಕ್ರಮದಲ್ಲಿ ಜೋಡಿಸಿ ಮುದ್ರಿಸಬೇಕು. ಇದನ್ನು ಅವರು ಎರಡು ರೀತಿಯಲ್ಲಿ ಒಡೆದು ತೋರಿಸಿದರು. ಮೊದಲನೆಯ ರೀತಿ ಎಲ್ಲರಿಗೂ ತಟ್ಟನೆ ಹೊಳೆಯುವಂಥದು: ಓದುವುದೊಂದು ಭಾಗ, ಸಾಲನ್ನು ತಿರುಗಿಸುವುದೊಂದು, ಅಕ್ಷರಕ್ರಮಕ್ಕೆ ತರುವುದೊಂದು, ಮುದ್ರಿಸುವುದೊಂದು. ಕೆಲಸದ ಹಂತಗಳೇ ಇಲ್ಲಿ ಪ್ರೋಗ್ರಾಮಿನ ಭಾಗಗಳು. ಎರಡನೆಯ ರೀತಿಯಲ್ಲಿ ಹಂತಗಳನ್ನು ಗಣನೆಗೆ ತೆಗೆದುಕೊಳ್ಳದೆ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಣಯವನ್ನೂ ಒಂದೊಂದು ಮಾಡ್ಯೂಲಿನ ಒಳಗೆ ಬಚ್ಚಿಡಲಾಯಿತು. ಸಾಲುಗಳನ್ನು ಗಣಕದ ಸ್ಮೃತಿಯಲ್ಲಿ ಯಾವ ವಿನ್ಯಾಸದಲ್ಲಿ ಇಡಬೇಕೆಂಬುದು ಅಂತಹ ನಿರ್ಣಯಗಳಲ್ಲೊಂದು.

ಎರಡು ವಿಭಜನೆಗಳೂ ಸರಿಯಾದ ಸೂಚಿಯನ್ನೇ ಕೊಡುತ್ತವೆ. ಭೇದ ತಿಳಿಯುವುದು ಬದಲಾವಣೆ ಬಂದಾಗ. ಸ್ಮೃತಿಯ ವಿನ್ಯಾಸವನ್ನು ಬದಲಿಸಬೇಕಾಗಿ ಬಂದರೆ, ಮೊದಲನೆಯ ವಿಭಜನೆಯಲ್ಲಿ ಎಲ್ಲ ಮಾಡ್ಯೂಲುಗಳನ್ನೂ ತಿದ್ದಬೇಕಾಗುತ್ತದೆ, ಏಕೆಂದರೆ ಆ ವಿನ್ಯಾಸದ ಗುಟ್ಟು ಎಲ್ಲರಿಗೂ ಗೊತ್ತು. ಎರಡನೆಯದರಲ್ಲಿ ತಿದ್ದಬೇಕಾದುದು ಒಂದನ್ನು ಮಾತ್ರ. ಒಂದು ಭಾಗವು ಇನ್ನೊಂದನ್ನು ಕುರಿತು ಎಷ್ಟು ಕಡಿಮೆ ತಿಳಿದಿದ್ದರೆ ಅಷ್ಟು ಒಳ್ಳೆಯದು ಎಂಬ ಈ ಸಿದ್ಧಾಂತಕ್ಕೆ ‘ಮಾಹಿತಿಯ ಗೋಪನ’ವೆಂದು ಹೆಸರಾಯಿತು.

ಇದೇ ಕಾಲದಲ್ಲಿ ಇದಕ್ಕೆ ಪೋಷಕವಾದ ಇನ್ನೆರಡು ಕೃತಿಗಳು ಬಂದುವು. ೧೯೭೪ರಲ್ಲಿ ಸ್ಟೀವನ್ಸ್, ಮೈಯರ್ಸ್ ಮತ್ತು ಕಾನ್‌ಸ್ಟಂಟೈನ್ ಎಂಬ ಮೂವರು ಬರೆದ ಪ್ರಬಂಧವು ಭಾಗ-ಭಾಗಗಳ ನಡುವಣ ಅಂಟು ಕಡಿಮೆಯಾಗಿರಬೇಕು, ಒಂದು ಭಾಗದ ಒಳಗಿನ ಹೊಂದಿಕೆ ಹೆಚ್ಚಾಗಿರಬೇಕು ಎಂಬ ಎರಡು ಅಳತೆಗಳನ್ನು ಕೊಟ್ಟಿತು. ಅದೇ ವರ್ಷ ಬಾರ್ಬರಾ ಲಿಸ್ಕೊವ್ ಮತ್ತು ಸ್ಟೀಫನ್ ಜಿಲ್ಲೆಸ್ ಅವರು, ದತ್ತಾಂಶವನ್ನು ಅದರ ಒಳರೂಪದಿಂದ ಗುರುತಿಸದೆ ಅದರ ಮೇಲೆ ನಡೆಸಬಹುದಾದ ಕ್ರಿಯೆಗಳಿಂದಲೇ ಗುರುತಿಸಬೇಕೆಂಬ ವಾದವನ್ನು ಮಂಡಿಸಿದರು. ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ರೂಪುಗೊಂಡ ‘ಕ್ಲೂ’ ಭಾಷೆ ಈ ವಾದದ ಪ್ರಾಯೋಗಿಕ ರೂಪ.

ಹೀಗೆ ೧೯೭೦ರ ದಶಕದ ನಡುವಿನ ಹೊತ್ತಿಗೆ ಕೋಟೆಗೆ ಗೋಡೆ ಎದ್ದಿತು. ಆದರೆ ಗೋಡೆಗೆ ಇದ್ದುದು ಒಂದೇ ಬಾಗಿಲು ಎಂಬುದನ್ನು ಗಮನಿಸಬೇಕು. ಒಳಗಿನವರು ಯಾವುದನ್ನು ಮುಚ್ಚಿಡಬೇಕೆಂಬುದೇ ಚರ್ಚೆಯ ವಿಷಯವಾಗಿತ್ತು. ಹೊರಗಿನಿಂದ ಬರುವವರು ಹಲವು ಬಗೆಯವರು, ಅವರ ಅಗತ್ಯಗಳೂ ಹಲವು ಬಗೆ ಎಂಬ ವಿಷಯಕ್ಕೆ ಇನ್ನೂ ಪ್ರಾಶಸ್ತ್ಯ ಬಂದಿರಲಿಲ್ಲ. ಪಾರ್ನಸ್ ಅವರೇ ೧೯೭೯ರಲ್ಲಿ ಬರೆದ ಇನ್ನೊಂದು ಪ್ರಬಂಧದಲ್ಲಿ ಇದರ ಸುಳಿವು ದೊರೆಯುತ್ತದೆ. ಒಂದು ವ್ಯವಸ್ಥೆಯ ಸ್ವಲ್ಪ ಭಾಗ ಮಾತ್ರ ಸಾಕೆನ್ನುವವನಿಗೆ ಆ ಭಾಗವನ್ನಷ್ಟೇ ಬೇರ್ಪಡಿಸಿ ಕೊಡಲಾಗದಿರುವುದಕ್ಕೆ ಕಾರಣ, ಬೇಕಾದ ಭಾಗಗಳು ಬೇಡವಾದ ಭಾಗಗಳನ್ನು ನೆಚ್ಚಿಕೊಂಡಿರುವುದೇ ಎಂದು ಅವರು ಅಲ್ಲಿ ವಿವೇಚಿಸಿದ್ದಾರೆ.

೪

ಮುಂದಿನ ಹಂತದಲ್ಲಿ ಈ ಎರಡು ಪ್ರವಾಹಗಳು, ಎಂದರೆ ವಸ್ತುವಿನ ಕಲ್ಪನೆ ಮತ್ತು ಗೋಪನದ ಕಲ್ಪನೆ, ಒಂದಾದುವು. ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನ ಕೇಂದ್ರದಲ್ಲಿ ಅಲನ್ ಕೇ ಮತ್ತು ಅವರ ಸಂಗಡಿಗರು ೧೯೭೨ರಿಂದ ಮುಂದಕ್ಕೆ ಬೆಳೆಸಿದ ಸ್ಮಾಲ್‌ಟಾಕ್ ಭಾಷೆಯಲ್ಲಿ ಒಂದು ವಸ್ತುವು ಇನ್ನೊಂದರೊಡನೆ ಸಂದೇಶಗಳ ಮೂಲಕವೇ ವ್ಯವಹರಿಸಬೇಕಾಗಿತ್ತು. ೧೯೭೮-೭೯ರಲ್ಲಿ ಆ ಕೇಂದ್ರದಲ್ಲಿದ್ದ ನಾರ್ವೆಯ ಟ್ರುಗ್ವೆ ರೀನ್‌ಸ್ಕೌಗ್ ಅವರು, ಒಂದೇ ವಸ್ತು ಬೇರೆ ಬೇರೆ ಸಂದರ್ಭಗಳಲ್ಲಿ ಬೇರೆ ಬೇರೆ ಪಾತ್ರಗಳನ್ನು ವಹಿಸುತ್ತದೆಂಬ ವಿಚಾರವನ್ನು ಮುಂದೆ ವಿಸ್ತಾರವಾಗಿ ಬೆಳೆಸಿ ೧೯೯೬ರಲ್ಲಿ ಗ್ರಂಥರೂಪಕ್ಕೆ ತಂದರು. ನಾಟಕದ ನಟನೊಬ್ಬನೇ ಆದರೂ ಪಾತ್ರಗಳು ಹಲವಾಗಬಹುದಷ್ಟೆ. ಪಾತ್ರದೊಡನೆ ಮಾತನಾಡುವವನಿಗೆ ಆ ನಟನ ಮಿಕ್ಕ ಪಾತ್ರಗಳ ಗೊಡವೆ ಬೇಕಿಲ್ಲ.

ಬರ್ಟ್ರಂಡ್ ಮೇಯರ್ ಅವರು ೧೯೮೮ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ‘ಕಿರಿಯ ಇಂಟರ್‌ಫೇಸುಗಳು’ ಎಂಬುದನ್ನು ಸ್ಪಷ್ಟವಾಗಿ ಒಂದು ನಿಯಮವನ್ನಾಗಿಯೇ ಇಟ್ಟರು. ಎರಡು ಮಾಡ್ಯೂಲುಗಳು ವ್ಯವಹರಿಸುವುದಾದರೆ ಅವುಗಳ ನಡುವೆ ಹಾಯುವ ಮಾಹಿತಿ ಸಾಧ್ಯವಾದಷ್ಟು ಕಡಿಮೆಯಾಗಿರಬೇಕು ಎಂಬುದೇ ಆ ನಿಯಮ. ಆದರೂ ಅದೇ ಗ್ರಂಥದ ೧೯೯೭ರ ಎರಡನೆಯ ಆವೃತ್ತಿಯಲ್ಲಿ ಅವರು, ಒಂದು ಕ್ಲಾಸಿನ ಕಲ್ಪನೆಗೆ ನಿಜವಾಗಿ ಸೇರಿದ ಕಾರ್ಯಗಳು ಎಷ್ಟೇ ಆದರೂ ಇರಬಹುದು, ಅಂಗಡಿಯಲ್ಲಿ ಕೊಳ್ಳಬೇಕಾದ ಸಾಮಾನಿನ ಪಟ್ಟಿಯಂತೆ ಅವನ್ನು ಸೇರಿಸುತ್ತ ಹೋಗಬಹುದು ಎಂದು ಸಮರ್ಥಿಸಿದ್ದಾರೆ. ಇದು ಮೇಲುನೋಟಕ್ಕೆ ವಿರೋಧವೆಂದು ತೋರಿದರೂ ವಾಸ್ತವವಾಗಿ ಹಾಗಲ್ಲ. ವ್ಯವಹಾರದಲ್ಲಿ ಕೈಬದಲಾಗುವ ಮಾಹಿತಿ ಕಡಿಮೆಯಿರಬೇಕೆಂಬುದು ಒಂದು ಮಾತು. ಕಾರ್ಯಗಳ ಪಟ್ಟಿ ಉದ್ದವಾಗಬಾರದೆಂಬುದು ಇನ್ನೊಂದು ಮಾತು. ಮೇಯರ್ ಅವರು ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಬಿಟ್ಟರು.

ತತ್ತ್ವದ ಚರ್ಚೆ ಹೀಗೆ ನಡೆದಿರುವಾಗ, ದಿನನಿತ್ಯದ ಕೆಲಸದಲ್ಲಿ ಪ್ರೋಗ್ರಾಮುಗಾರರನ್ನು ಕಾಡಿದ ತೊಂದರೆ ಬೇರೆ ಇತ್ತು. ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರು ೧೯೭೯ರಲ್ಲಿ ಆರಂಭಿಸಿದ ಕೆಲಸದಿಂದ ಬೆಳೆದುಬಂದ ‘ಸಿ ಪ್ಲಸ್ ಪ್ಲಸ್’ ಭಾಷೆಯಲ್ಲಿ ಒಂದು ಕ್ಲಾಸಿನ ಘೋಷಣೆಯನ್ನು ಹೆಡರ್ ಕಡತದಲ್ಲಿ ಬರೆದು, ಅದನ್ನು ಬಳಸುವ ಕಡತಗಳಲ್ಲೆಲ್ಲ ಸೇರಿಸಬೇಕು. ಆ ಘೋಷಣೆಯಲ್ಲಿ ಹೊರಗಿನವರು ಮುಟ್ಟಬಾರದ ಅಂಶಗಳ ವಿವರವೂ ಬರೆದೇ ಇರುತ್ತದೆ. ಆದುದರಿಂದ ಹೆಡರಿನಲ್ಲಿ ಒಂದು ಸಾಲು ಬದಲಾದರೆ, ಆ ಸಾಲಿಗೂ ತಮಗೂ ಯಾವ ಸಂಬಂಧವಿಲ್ಲದಿದ್ದರೂ, ಅದನ್ನು ಸೇರಿಸಿಕೊಂಡ ಕಡತಗಳೆಲ್ಲ ಮತ್ತೆ ಕಂಪೈಲ್ ಆಗಬೇಕು. ದೊಡ್ಡ ಪ್ರೋಗ್ರಾಮುಗಳಲ್ಲಿ ಇದು ಗಂಟೆಗಟ್ಟಲೆ ಕಾಯಿಸುವ ಕೆಲಸ. ಅನಗತ್ಯವಾದ ಅವಲಂಬನೆಗೆ ತೆರಬೇಕಾದ ಬೆಲೆಯನ್ನು ಗಡಿಯಾರ ನೋಡಿ ಅಳೆಯಬಹುದಾಗಿದ್ದುದು ಇಲ್ಲಿ. ೧೯೮೯ರ ಆವೃತ್ತಿಯಲ್ಲಿ ಆ ಭಾಷೆಗೆ ಶುದ್ಧ ವರ್ಚುವಲ್ ಕ್ರಿಯೆಗಳು ಬಂದಮೇಲೆ, ಒಳರೂಪವಿಲ್ಲದ ಬರಿಯ ಕರಾರನ್ನು ಒಂದು ಕ್ಲಾಸಾಗಿ ಬರೆಯುವುದು ಸಾಧ್ಯವಾಯಿತು.

೧೯೯೩ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದ ‘ಕಾಮ್’ ಎಂಬ ವ್ಯವಸ್ಥೆಯಲ್ಲಿ ಈ ಕಲ್ಪನೆ ಇನ್ನೂ ಮುಂದೆ ಹೋಯಿತು. ಅಲ್ಲಿ ಹೊರಗಿನವರು ವಸ್ತುವನ್ನು ನೇರವಾಗಿ ಮುಟ್ಟುವಂತಿಲ್ಲ, ಅದರ ಯಾವುದಾದರೊಂದು ಇಂಟರ್‌ಫೇಸನ್ನು ಕೇಳಿ ಪಡೆಯಬೇಕು. ಎಲ್ಲಕ್ಕೂ ಮೂಲವಾದ ಇಂಟರ್‌ಫೇಸಿನಲ್ಲಿ ಇದ್ದುದು ೩ ಕಾರ್ಯಗಳು ಮಾತ್ರ: ಬೇರೊಂದು ಇಂಟರ್‌ಫೇಸು ಇದೆಯೇ ಎಂದು ಕೇಳುವುದು, ಬಳಕೆದಾರರ ಲೆಕ್ಕವನ್ನು ಒಂದು ಏರಿಸುವುದು, ಒಂದು ಇಳಿಸುವುದು. ಒಮ್ಮೆ ಪ್ರಕಟವಾದ ಇಂಟರ್‌ಫೇಸನ್ನು ಮತ್ತೆ ಬದಲಿಸಕೂಡದು, ಹೊಸ ಕಾರ್ಯ ಬೇಕಾದರೆ ಹೊಸ ಇಂಟರ್‌ಫೇಸನ್ನೇ ಸೇರಿಸಬೇಕು ಎಂಬುದು ಅಲ್ಲಿನ ಕಟ್ಟಳೆ.

೫

ಈ ಹಿನ್ನೆಲೆಯಲ್ಲಿ ರಾಬರ್ಟ್ ಮಾರ್ಟಿನ್ ಅವರ ಲೇಖನವನ್ನು ನೋಡಬೇಕು. ೧೯೯೬ರಲ್ಲಿ ‘ಸಿ ಪ್ಲಸ್ ಪ್ಲಸ್ ರಿಪೋರ್ಟ್’ ಎಂಬ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅವರು ಝೆರಾಕ್ಸ್ ಸಂಸ್ಥೆಯ ಹೊಸ ಮುದ್ರಣಯಂತ್ರವೊಂದರ ತಂತ್ರಾಂಶಕ್ಕೆ ಸಲಹೆಗಾರರಾಗಿದ್ದಾಗ ಈ ತತ್ತ್ವ ರೂಪುಗೊಂಡಿತೆಂದು ಪ್ರಸಿದ್ಧವಾಗಿದೆ. ಆ ಯಂತ್ರ ಮುದ್ರಿಸುವುದಲ್ಲದೆ ಕಾಗದಗಳಿಗೆ ಪಿನ್ನು ಹೊಡೆಯುವುದೇ ಮುಂತಾದ ಹಲವು ಕೆಲಸಗಳನ್ನು ಮಾಡುತ್ತಿತ್ತು. ‘ಜಾಬ್’ ಎಂಬ ಒಂದೇ ಕ್ಲಾಸನ್ನು ಎಲ್ಲ ಭಾಗಗಳೂ ಬಳಸುತ್ತಿದ್ದುದರಿಂದ, ಪಿನ್ನು ಹೊಡೆಯುವ ಭಾಗಕ್ಕೆ ಮುದ್ರಣದ ಕಾರ್ಯಗಳೂ, ಮುದ್ರಣದ ಭಾಗಕ್ಕೆ ಪಿನ್ನಿನ ಕಾರ್ಯಗಳೂ ಗೊತ್ತಿದ್ದುವು. ಯಾವ ಮೂಲೆಯಲ್ಲಿ ಸಣ್ಣ ಬದಲಾವಣೆ ಮಾಡಿದರೂ ಇಡೀ ವ್ಯವಸ್ಥೆಯನ್ನು ಮತ್ತೆ ಕಟ್ಟಬೇಕಾಗಿ, ಒಂದೊಂದು ಸಲಕ್ಕೂ ಒಂದು ಗಂಟೆಯಷ್ಟು ಕಾಲ ವ್ಯಯವಾಗುತ್ತಿತ್ತು. ಪರಿಹಾರವೆಂದರೆ ಜಾಬ್ ಕ್ಲಾಸನ್ನು ಹಾಗೆಯೇ ಇರಗೊಟ್ಟು, ಅದಕ್ಕೂ ಒಂದೊಂದು ಬಳಕೆದಾರ ಭಾಗಕ್ಕೂ ನಡುವೆ ಆಯಾ ಭಾಗಕ್ಕೆ ಬೇಕಾದಷ್ಟನ್ನೇ ತೋರಿಸುವ ಒಂದೊಂದು ಇಂಟರ್‌ಫೇಸನ್ನು ಇಡುವುದು.

ಲೇಖನದಲ್ಲಿ ಮಾರ್ಟಿನ್ ಅವರು ಕೊಟ್ಟಿರುವ ಉದಾಹರಣೆಗಳು ಬೇರೆ. ಮೊದಲನೆಯದು ಬಾಗಿಲಿನ ಉದಾಹರಣೆ. ಬಾಗಿಲಿಗೆ ಬೀಗ ಹಾಕಬಹುದು, ಬೀಗ ತೆಗೆಯಬಹುದು, ತೆರೆದಿದೆಯೇ ಎಂದು ಕೇಳಬಹುದು. ಬಹಳ ಹೊತ್ತು ತೆರೆದೇ ಇದ್ದರೆ ಎಚ್ಚರಿಕೆಯ ಗಂಟೆ ಹೊಡೆಯುವ ಬಾಗಿಲೊಂದು ಬೇಕಾಯಿತೆನ್ನೋಣ. ಕಾಲಮಾಪಕವು ಗಡುವು ಮುಗಿದಾಗ ತಿಳಿಸಬೇಕಾದರೆ, ತಿಳಿಸಿಕೊಳ್ಳುವ ವಸ್ತುವಿನಲ್ಲಿ ‘ಗಡುವು ಮುಗಿಯಿತು’ ಎಂಬ ಕರೆಯನ್ನು ಸ್ವೀಕರಿಸುವ ಮೆಥಡ್ ಇರಬೇಕು. ಸುಲಭವಾದ ದಾರಿಯೆಂದು ಅದನ್ನು ಮೂಲ ಬಾಗಿಲಿನ ಕ್ಲಾಸಿಗೇ ಸೇರಿಸಿದರೆ, ಕಾಲದ ಗೊಡವೆಯೇ ಇಲ್ಲದ ಸಾಮಾನ್ಯ ಬಾಗಿಲುಗಳೂ ಅದನ್ನು ಹೊರಬೇಕಾಗುತ್ತದೆ. ಕಾಲಮಾಪಕದ ಕರಾರು ನಾಳೆ ಬದಲಾದರೆ ಎಲ್ಲ ಬಾಗಿಲುಗಳನ್ನೂ, ಬಾಗಿಲುಗಳನ್ನು ಬಳಸುವ ಭಾಗಗಳನ್ನೂ ಆ ಬದಲಾವಣೆ ತಟ್ಟುತ್ತದೆ.

ಎರಡನೆಯದು ಬ್ಯಾಂಕಿನ ಹಣ ಕೊಡುವ ಯಂತ್ರ. ಹಣ ಕಟ್ಟುವುದು, ತೆಗೆಯುವುದು, ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸುವುದು, ಈ ಮೂರು ವ್ಯವಹಾರಗಳೂ ಗಿರಾಕಿಯೊಡನೆ ಸಂಭಾಷಿಸಬೇಕು. ಸಂಭಾಷಣೆಯ ಕಾರ್ಯಗಳನ್ನೆಲ್ಲ ಒಂದೇ ಇಂಟರ್‌ಫೇಸಿನಲ್ಲಿ ತುಂಬಿದರೆ, ನಾಲ್ಕನೆಯ ವ್ಯವಹಾರವೊಂದನ್ನು ಸೇರಿಸಿದಾಗ ಹಳೆಯ ಮೂರನ್ನೂ ಅಲುಗಾಡಿಸಿದಂತಾಗುತ್ತದೆ. ಒಂದೊಂದು ವ್ಯವಹಾರಕ್ಕೂ ಒಂದೊಂದು ಇಂಟರ್‌ಫೇಸನ್ನು ಕೊಟ್ಟು, ಒಂದೇ ಕ್ಲಾಸು ಅವೆಲ್ಲವನ್ನೂ ಪೂರೈಸುವಂತೆ ಮಾಡಿದರೆ ಈ ತೊಂದರೆ ಇಲ್ಲ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಅಂಶವೊಂದಿದೆ. ಈ ತತ್ತ್ವ ವಸ್ತುವನ್ನು ಒಡೆಯಬೇಕೆಂದು ಹೇಳುವುದಿಲ್ಲ. ವಸ್ತು ಒಂದೇ ಆಗಿರಬಹುದು, ದೊಡ್ಡದೂ ಆಗಿರಬಹುದು. ಒಡೆಯಬೇಕಾದುದು ಅದು ಹೊರಗಿನವರಿಗೆ ತೋರಿಸುವ ಮುಖವನ್ನು. ಅಂಚೆಯ ಕಛೇರಿ ಒಂದೇ. ಆದರೂ ಅಂಚೆಚೀಟಿ ಕೊಳ್ಳುವವನು ಒಂದು ಕಿಟಕಿಗೆ ಹೋಗುತ್ತಾನೆ, ಉಳಿತಾಯ ಖಾತೆಯವನು ಇನ್ನೊಂದಕ್ಕೆ. ಎರಡು ಕಿಟಕಿಗಳ ಹಿಂದೆಯೂ ಒಬ್ಬನೇ ಗುಮಾಸ್ತ ಕುಳಿತಿದ್ದರೂ ಇರಬಹುದು. ಉಳಿತಾಯದ ನಿಯಮ ಬದಲಾಯಿತೆಂದು ಚೀಟಿ ಕೊಳ್ಳುವವನು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಪಾರ್ನಸ್ ಅವರು ಗೋಡೆಯನ್ನು ಕಟ್ಟಿಕೊಟ್ಟರೆ ಮಾರ್ಟಿನ್ ಅವರು ಅದರಲ್ಲಿ ಬಳಕೆಗೆ ತಕ್ಕಂತೆ ಕಿಟಕಿಗಳನ್ನು ತೆರೆಯಿಸಿದರು. ಮಾರ್ಟಿನ್ ಅವರ ೨೦೦೨ರ ಗ್ರಂಥದ ಮೂಲಕ ಈ ತತ್ತ್ವ ವ್ಯಾಪಕವಾಗಿ ಪ್ರಚಾರಗೊಂಡಿತು. ಸುಮಾರು ೨೦೦೪ರಲ್ಲಿ ಮೈಕೇಲ್ ಫೆದರ್ಸ್ ಅವರು ‘ಸಾಲಿಡ್’ ಎಂಬ ಸಂಕೇತಪದವನ್ನು ಕೂಡಿಸಿಕೊಟ್ಟರು.

೬

ತತ್ತ್ವವೊಂದರ ಬೆಲೆ ತಿಳಿಯುವುದು ಅದನ್ನು ಪಾಲಿಸಿದವರ ಮತ್ತು ಪಾಲಿಸದವರ ಅನುಭವದಿಂದ. ಇದಕ್ಕೆ ಜಾವಾ ಭಾಷೆಯ ಚರಿತ್ರೆಯಂತಹ ನಿದರ್ಶನ ಮತ್ತೊಂದಿಲ್ಲ.

೧೯೯೫ರಲ್ಲಿ ಪ್ರಕಟವಾದ ಜಾವಾ, ‘ಇಂಟರ್‌ಫೇಸ್’ ಎಂಬುದನ್ನು ಭಾಷೆಯ ಒಂದು ಪ್ರತ್ಯೇಕ ರಚನೆಯನ್ನಾಗಿ ಮಾಡಿತು. ಅದಕ್ಕೆ ಮುಂಚೆ ಆಬ್ಜೆಕ್ಟಿವ್-ಸಿ ಭಾಷೆಯಲ್ಲಿದ್ದ ‘ಪ್ರೋಟೊಕಾಲ್’ ಎಂಬ ರಚನೆಯ ಪ್ರಭಾವ ಇದರ ಮೇಲಿತ್ತು. ೧೯೯೭ರ ೧.೧ ಆವೃತ್ತಿಯಲ್ಲಿ ತೆರೆಯ ಮೇಲಿನ ಘಟನೆಗಳನ್ನು ಆಲಿಸುವ ಇಂಟರ್‌ಫೇಸುಗಳು ಬಂದುವು. ಮೌಸಿನ ಗುಂಡಿಯನ್ನು ಒತ್ತುವುದೇ ಮೊದಲಾದ ೫ ಘಟನೆಗಳಿಗೆ ಒಂದು ಇಂಟರ್‌ಫೇಸು, ಮೌಸು ಚಲಿಸುವ ೨ ಘಟನೆಗಳಿಗೆ ಇನ್ನೊಂದು. ಚಲನೆಯ ಘಟನೆಗಳು ಕ್ಷಣಕ್ಷಣವೂ ಬರುವಂಥವು. ಗುಂಡಿಯೊತ್ತುವುದನ್ನು ಮಾತ್ರ ಕಾಯುವವನ ಮೇಲೆ ಆ ಹೊರೆ ಬೀಳದಿರಲೆಂದು ಎರಡನ್ನೂ ಬೇರೆಯಾಗಿಟ್ಟರು. ಇದು ಬಳಸುವವನ ದೃಷ್ಟಿಯಿಂದ ಮಾಡಿದ ವಿಭಜನೆ. ಆದರೆ ಕಿಟಕಿಯ ಘಟನೆಗಳ ಇಂಟರ್‌ಫೇಸಿನಲ್ಲಿ ೭ ಮೆಥಡ್‌ಗಳಿದ್ದುವು. ಕಿಟಕಿ ಮುಚ್ಚುವುದನ್ನು ಮಾತ್ರ ತಿಳಿಯಬೇಕಾದವನೂ ಉಳಿದ ಆರನ್ನು ಖಾಲಿಯಾಗಿ ಬರೆಯಬೇಕಾಗಿತ್ತು. ಈ ತೊಡಕನ್ನು ನೀಗಲು, ಏಳನ್ನೂ ಖಾಲಿಯಾಗಿ ಬರೆದಿಟ್ಟ ‘ಅಡಾಪ್ಟರ್’ ಕ್ಲಾಸೊಂದನ್ನು ಭಾಷೆಯೇ ಒದಗಿಸಿತು. ಖಾಲಿ ಮೆಥಡ್‌ಗಳನ್ನು ತುಂಬಿಸುವುದಕ್ಕೇ ಒಂದು ಕ್ಲಾಸು ಬೇಕಾಯಿತೆಂದರೆ, ಇಂಟರ್‌ಫೇಸು ಅಗತ್ಯಕ್ಕಿಂತ ಅಗಲವಾಗಿತ್ತೆಂದೇ ತಿಳಿಯಬೇಕು.

ಇನ್ನೂ ಗಂಭೀರವಾದ ಪ್ರಸಂಗ ೧೯೯೮ರ ೧.೨ ಆವೃತ್ತಿಯದು. ಜೋಶುವಾ ಬ್ಲಾಕ್ ಅವರ ನೇತೃತ್ವದಲ್ಲಿ ರಚಿತವಾದ ಸಂಗ್ರಹಗಳ ವ್ಯವಸ್ಥೆಯಲ್ಲಿ ಪಟ್ಟಿ, ಗಣ ಮುಂತಾದವಕ್ಕೆ ಒಂದೊಂದು ಇಂಟರ್‌ಫೇಸನ್ನು ಕೊಡಲಾಯಿತು. ಪಟ್ಟಿಯೊಂದಕ್ಕೆ ಹೊಸ ಅಂಶವನ್ನು ಸೇರಿಸುವ, ಅದರಿಂದ ತೆಗೆಯುವ ಕಾರ್ಯಗಳು ಆ ಇಂಟರ್‌ಫೇಸಿನಲ್ಲಿವೆ. ಬದಲಿಸಬಾರದ ಪಟ್ಟಿಯೂ ಅದೇ ಇಂಟರ್‌ಫೇಸನ್ನು ಪೂರೈಸಬೇಕು. ಆಗ ಸೇರಿಸೆಂದು ಕೇಳಿದರೆ ಅದೇನು ಮಾಡಬೇಕು? ‘ಈ ಕಾರ್ಯಕ್ಕೆ ನನ್ನಲ್ಲಿ ಅವಕಾಶವಿಲ್ಲ’ ಎಂಬ ದೋಷವನ್ನು ಎಸೆಯಬೇಕು. ಇಂತಹವನ್ನು ಐಚ್ಛಿಕ ಕಾರ್ಯಗಳೆಂದು ಕರೆದರು. ಲಿಸ್ಕೊವ್ ಅವರು ೧೯೮೭ರ ತಮ್ಮ ಭಾಷಣದಲ್ಲಿ ಸ್ಥಾಪಿಸಿದ ತತ್ತ್ವದ ಪ್ರಕಾರ, ಮೂಲರೂಪದ ಜಾಗದಲ್ಲಿ ಉಪರೂಪವನ್ನು ಇಟ್ಟರೆ ಪ್ರೋಗ್ರಾಮಿನ ನಡವಳಿಕೆ ಕೆಡಬಾರದು. ಕಾರ್ಯಗಳನ್ನು ಐಚ್ಛಿಕವೆಂದು ಮೊದಲೇ ಸಾರಿದ್ದುದರಿಂದ ಇಲ್ಲಿ ಕರಾರಿನ ಅಕ್ಷರಕ್ಕೆ ಭಂಗ ಬರಲಿಲ್ಲ. ಆದರೆ ಕರಾರು ಏನನ್ನೂ ಖಚಿತವಾಗಿ ಭರವಸೆ ಕೊಡದಂತಾಯಿತು. ಕಂಪೈಲ್ ಆಗುವಾಗಲೇ ಸಿಕ್ಕಬೇಕಾಗಿದ್ದ ತಪ್ಪು ಪ್ರೋಗ್ರಾಮು ನಡೆಯುವಾಗ ಸಿಕ್ಕುವಂತಾಯಿತು.

ಹಾಗೆಂದು ಆ ರಚನಕಾರರಿಗೆ ಇದು ಹೊಳೆದಿರಲಿಲ್ಲವೆಂದು ಭಾವಿಸಬಾರದು. ಅವರು ತಮ್ಮ ಸಮರ್ಥನೆಯನ್ನು ದಾಖಲೆಯಲ್ಲಿಯೇ ಬರೆದಿಟ್ಟಿದ್ದಾರೆ. ಬದಲಿಸಬಹುದಾದುದು, ಬದಲಿಸಲಾಗದುದು, ಗಾತ್ರ ಸ್ಥಿರವಾದುದು, ಸೇರಿಸಲು ಬಂದರೂ ತೆಗೆಯಲು ಬಾರದುದು, ಹೀಗೆ ಭೇದಗಳನ್ನೆಲ್ಲ ಇಂಟರ್‌ಫೇಸುಗಳಲ್ಲಿ ತೋರಿಸಹೊರಟರೆ ಅವುಗಳ ಸಂಖ್ಯೆ ಮಿತಿಮೀರುತ್ತದೆ ಎಂಬುದು ಅವರ ವಾದ. ಲೆಕ್ಕ ಸರಳವಾಗಿದೆ. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂತಹ ೩ ಗುಣಗಳಿದ್ದರೆ ೮ ಜೋಡಣೆಗಳು, ೪ ಇದ್ದರೆ ೧೬, ೫ ಇದ್ದರೆ ೩೨. ಇದು ಪಟ್ಟಿಯೊಂದಕ್ಕೇ ಆಯಿತು. ಮಿಕ್ಕ ಸಂಗ್ರಹಗಳಿಗೂ ಹೀಗೆಯೇ ಆದರೆ ಕಲಿಯುವವನ ಗತಿಯೇನು? ಕಿರಿದುತನಕ್ಕೂ ಬೆಲೆಯುಂಟು ಎಂಬುದಕ್ಕೆ ಈ ವಾದ ಸಾಕ್ಷಿ. ಆದರೂ ಎಲ್ಲ ಜೋಡಣೆಗಳೂ ಬೇಕಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಬಳಕೆಯಲ್ಲಿ ಪದೇ ಪದೇ ಬೇಕಾಗುವುದು ‘ಓದುವುದು ಮಾತ್ರ’ ಎಂಬ ಒಂದೇ ಭೇದ. ಮೈಕ್ರೋಸಾಫ್ಟ್‌ನ ಡಾಟ್ ನೆಟ್ ವ್ಯವಸ್ಥೆಯಲ್ಲಿ ೨೦೧೨ರ ೪.೫ ಆವೃತ್ತಿಯಲ್ಲಿ, ಓದುವುದಕ್ಕೆ ಮಾತ್ರ ಮೀಸಲಾದ ಪಟ್ಟಿಯ ಇಂಟರ್‌ಫೇಸನ್ನು ಸೇರಿಸಿದುದು ಈ ಕಾರಣದಿಂದ.

ಅಗಲವಾದ ಇಂಟರ್‌ಫೇಸಿನ ಇನ್ನೊಂದು ಕಷ್ಟ ಅದನ್ನು ಬೆಳೆಸುವಾಗ ಕಾಣುತ್ತದೆ. ಪ್ರಕಟವಾದ ಇಂಟರ್‌ಫೇಸಿಗೆ ಒಂದು ಮೆಥಡ್ ಸೇರಿಸಿದರೆ, ಅದನ್ನು ಪೂರೈಸುತ್ತಿರುವ ಜಗತ್ತಿನ ಎಲ್ಲ ಕ್ಲಾಸುಗಳೂ ಒಮ್ಮೆಗೇ ಅಪೂರ್ಣವಾಗುತ್ತವೆ. ೨೦೧೪ರ ಮಾರ್ಚಿನಲ್ಲಿ ಬಂದ ಜಾವಾ ೮ನೆಯ ಆವೃತ್ತಿಯಲ್ಲಿ ಸಂಗ್ರಹಗಳಿಗೆ ಹೊಸ ಕಾರ್ಯಗಳನ್ನು ಕೊಡಬೇಕಾದಾಗ, ಇಂಟರ್‌ಫೇಸಿನಲ್ಲಿಯೇ ಒಂದು ಸಿದ್ಧ ನಿರೂಪಣೆಯನ್ನು ಬರೆಯುವ ಅವಕಾಶವನ್ನು ಕಲ್ಪಿಸಬೇಕಾಯಿತು. ಅದೇ ಆವೃತ್ತಿಯಲ್ಲಿ ಒಂದೇ ಅಮೂರ್ತ ಮೆಥಡ್ ಇರುವ ಇಂಟರ್‌ಫೇಸುಗಳಿಗೆ ವಿಶೇಷ ಮನ್ನಣೆ ದೊರೆಯಿತೆಂಬುದು ಸ್ವಾರಸ್ಯಕರವಾದ ಸಂಗತಿ. ಅಂಥವನ್ನು ಕ್ಲಾಸಿನ ಆಡಂಬರವಿಲ್ಲದೆ ಒಂದು ಸಾಲಿನ ಲ್ಯಾಂಬ್ಡಾ ಬರೆದು ಪೂರೈಸಬಹುದಾಯಿತು. ೨೦೨೩ರ ೨೧ನೆಯ ಆವೃತ್ತಿಯಲ್ಲಿ, ಮೊದಲು ಕೊನೆಗಳುಳ್ಳ ಸಂಗ್ರಹಗಳಿಗೆಲ್ಲ ಸಮಾನವಾದ ಒಂದು ಇಂಟರ್‌ಫೇಸನ್ನು ನಡುವೆ ತಂದರು. ಮೊದಲ ಅಂಶವನ್ನು ಪಡೆಯುವ ವಿಧಾನ ಅದುವರೆಗೆ ಪಟ್ಟಿಗೊಂದು, ಗಣಕ್ಕೊಂದು ಆಗಿತ್ತು. ಬಳಸುವವರ ಅಗತ್ಯವೊಂದನ್ನು ಗುರುತಿಸಿ ಅದಕ್ಕೆ ಹೆಸರು ಕೊಡಲು ೨೫ ವರ್ಷಗಳು ಬೇಕಾದುವು.

೭

ಬಳಸುವವನ ದೃಷ್ಟಿಯನ್ನು ಭಾಷೆಯ ನಿಯಮವನ್ನಾಗಿಯೇ ಮಾಡಿದುದು ‘ಗೋ’ ಭಾಷೆ. ಗೂಗಲ್ ಸಂಸ್ಥೆಯಲ್ಲಿ ರಾಬರ್ಟ್ ಗ್ರೀಸೆಮರ್, ರಾಬ್ ಪೈಕ್ ಮತ್ತು ಕೆನ್ ಥಾಂಪ್ಸನ್ ಅವರು ೨೦೦೭ರಲ್ಲಿ ಇದರ ರಚನೆಯನ್ನು ಆರಂಭಿಸಿ ೨೦೦೯ರ ನವೆಂಬರಿನಲ್ಲಿ ಪ್ರಕಟಿಸಿದರು. ಜಾವಾದಲ್ಲಿ ಒಂದು ಕ್ಲಾಸು ತಾನು ಯಾವ ಇಂಟರ್‌ಫೇಸನ್ನು ಪೂರೈಸುತ್ತೇನೆಂದು ಮೊದಲೇ ಘೋಷಿಸಬೇಕು. ಗೋ ಭಾಷೆಯಲ್ಲಿ ಆ ಘೋಷಣೆ ಬೇಡ. ಬೇಕಾದ ಮೆಥಡ್‌ಗಳಿದ್ದರೆ ಸಾಕು, ಇಂಟರ್‌ಫೇಸು ಪೂರೈಕೆಯಾದಂತೆ. ಆದುದರಿಂದ ಬಳಸುವವನು ತನಗೆಷ್ಟು ಬೇಕೋ ಅಷ್ಟರ ಇಂಟರ್‌ಫೇಸನ್ನು ತನ್ನ ಕಡೆಯಲ್ಲಿಯೇ ಬರೆದುಕೊಳ್ಳಬಹುದು. ಬಹಳ ಹಿಂದೆ ಇತರರು ಬರೆದಿಟ್ಟ ವಸ್ತುವೂ ಅದಕ್ಕೆ ಹೊಂದಿಕೊಳ್ಳಬಹುದು.

ಆ ಭಾಷೆಯ ಗ್ರಂಥಾಲಯದಲ್ಲಿ ಅತ್ಯಂತ ಪ್ರಸಿದ್ಧವಾದ ಎರಡು ಇಂಟರ್‌ಫೇಸುಗಳು ‘ರೀಡರ್’ ಮತ್ತು ‘ರೈಟರ್’. ಒಂದೊಂದರಲ್ಲಿಯೂ ಇರುವುದು ಒಂದೇ ಮೆಥಡ್: ಓದು, ಬರೆ. ಕಡತ, ಜಾಲಸಂಪರ್ಕ, ಸ್ಮೃತಿಯಲ್ಲಿನ ಅಕ್ಷರಗಳ ರಾಶಿ, ಕುಗ್ಗಿಸಿದ ದತ್ತಾಂಶ ಎಲ್ಲವೂ ಇವುಗಳ ಮೂಲಕ ಒಂದರೊಡನೊಂದು ಸೇರುತ್ತವೆ. ಇದರ ಹಿಂದೆ ಹಳೆಯ ವಂಶಪರಂಪರೆಯೊಂದಿದೆ. ಥಾಂಪ್ಸನ್ ಅವರು ೧೯೬೯ರಿಂದ ಡೆನ್ನಿಸ್ ರಿಚಿ ಅವರೊಡನೆ ರೂಪಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಕಡತವನ್ನಾಗಲಿ, ಯಂತ್ರಸಾಧನವನ್ನಾಗಲಿ, ೧೯೭೩ರಲ್ಲಿ ಡಗ್ಲಸ್ ಮೆಕಿಲ್ರಾಯ್ ಅವರ ಒತ್ತಾಯದಿಂದ ಬಂದ ‘ಪೈಪ್’ ಅನ್ನ�ಾಗಲಿ ಓದುವ ಬರೆಯುವ ಕರೆಗಳು ಒಂದೇ ಆಗಿದ್ದುವು. ವಸ್ತುಪ್ರಧಾನ ಪದ್ಧತಿಯ ಹೆಸರನ್ನೇ ಎತ್ತದೆ ಯುನಿಕ್ಸ್ ಸಾಧಿಸಿದ್ದ ಕಿರಿದುತನ ಸುಮಾರು ಮೂವತ್ತೈದು ವರ್ಷಗಳ ತರುವಾಯ ಒಂದು ಭಾಷೆಯ ಇಂಟರ್‌ಫೇಸಾಗಿ ಮರಳಿ ಬಂದಿತು.

ಆದರೆ ಈ ಉದಾಹರಣೆಯಿಂದಲೇ ಇನ್ನೊಂದು ಪಾಠವನ್ನೂ ಕಲಿಯಬೇಕು. ರೀಡರ್ ಇಂಟರ್‌ಫೇಸಿನಲ್ಲಿ ಮೆಥಡ್ ಒಂದೇ ಆದರೂ ಅದರ ಕರಾರು ಚಿಕ್ಕದಲ್ಲ. ಕೇಳಿದ್ದಕ್ಕಿಂತ ಕಡಿಮೆ ಅಕ್ಷರಗಳು ಬರಬಹುದು. ಕೆಲವು ಅಕ್ಷರಗಳೂ ಮುಕ್ತಾಯದ ಸೂಚನೆಯೂ ಒಟ್ಟಿಗೇ ಬರಬಹುದು, ಆಗ ಬಂದ ಅಕ್ಷರಗಳನ್ನು ಮೊದಲು ಸ್ವೀಕರಿಸಿ ಆಮೇಲೆ ಸೂಚನೆಯನ್ನು ನೋಡಬೇಕು. ಅದೇ ಗ್ರಂಥಾಲಯದ ‘ಕ್ಲೋಸರ್’ ಎಂಬ ಇಂಟರ್‌ಫೇಸಿನಲ್ಲಿ ಇರುವುದು ಮುಚ್ಚುವ ಕಾರ್ಯವೊಂದೇ. ಆದರೆ ಒಮ್ಮೆ ಮುಚ್ಚಿದುದನ್ನು ಮತ್ತೆ ಮುಚ್ಚಿದರೆ ಏನಾಗುತ್ತದೆಂಬುದನ್ನು ಆ ಇಂಟರ್‌ಫೇಸು ನಿರ್ಧರಿಸಿಲ್ಲವೆಂದು ಅದರ ದಾಖಲೆಯೇ ಹೇಳುತ್ತದೆ. ಮೆಥಡ್‌ಗಳ ಸಂಖ್ಯೆಯನ್ನು ಎಣಿಸಿ ಇಂಟರ್‌ಫೇಸಿನ ಗಾತ್ರವನ್ನು ಅಳೆದಂತಾಗಲಿಲ್ಲ. ಹೆಸರು ಹೊಂದಿದ ಮಾತ್ರಕ್ಕೆ ಅರ್ಥ ಹೊಂದಿತೆಂದೂ ಹೇಳುವಂತಿಲ್ಲ. ಕಡತವನ್ನು ಮುಚ್ಚುವುದೂ ಬ್ಯಾಂಕಿನ ಖಾತೆಯನ್ನು ಮುಚ್ಚುವುದೂ ಒಂದೇ ಪದದ ಎರಡು ಬೇರೆ ವ್ಯವಹಾರಗಳು.

೮

ಮೇಲಿನ ನಿರೂಪಣೆಯಿಂದ ಸಿದ್ಧವಾಗುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ೧೯೬೭ರ ಸಿಮುಲಾದಲ್ಲಿ ವಸ್ತುವಿತ್ತು, ಗೋಡೆಯಿರಲಿಲ್ಲ. ೧೯೭೨ರಲ್ಲಿ ಪಾರ್ನಸ್ ಅವರು ಗೋಡೆಯ ಅಗತ್ಯವನ್ನು ತೋರಿಸಿದರು, ಅದು ರಚಿಸುವವನ ಗುಟ್ಟನ್ನು ಕಾಯುವ ಗೋಡೆ. ೧೯೯೬ರಲ್ಲಿ ಮಾರ್ಟಿನ್ ಅವರು ಬಳಸುವವನ ಪರವಾಗಿ ಮಾತನಾಡಿದರು. ೨೦೦೯ರ ಗೋ ಭಾಷೆಯಲ್ಲಿ ಬಳಸುವವನಿಗೇ ಕರಾರನ್ನು ಬರೆಯುವ ಅಧಿಕಾರ ಬಂದಿತು. ಪ್ರತಿಯೊಂದು ಹೆಜ್ಜೆಯೂ ಒಂದು ವಾಸ್ತವ ನಷ್ಟದಿಂದ ಪ್ರೇರಿತವಾದುದು: ಎಲ್ಲ ಭಾಗಗಳನ್ನೂ ತಿದ್ದಬೇಕಾದ ನಷ್ಟ, ಗಂಟೆಗಟ್ಟಲೆ ಕಂಪೈಲ್ ಮಾಡಬೇಕಾದ ನಷ್ಟ, ಸುಳ್ಳು ಭರವಸೆ ಕೊಡುವ ಕರಾರಿನ ನಷ್ಟ.

ಆದಕಾರಣ ತರಗತಿಯಲ್ಲಿ ಈ ತತ್ತ್ವವನ್ನು ಬೋಧಿಸುವಾಗ ‘ಈ ಇಂಟರ್‌ಫೇಸಿನಲ್ಲಿ ಎಷ್ಟು ಮೆಥಡ್‌ಗಳಿವೆ?’ ಎಂಬ ಪ್ರಶ್ನೆಯಿಂದ ಆರಂಭಿಸುವುದು ಉಚಿತವಲ್ಲ. ಇದನ್ನು ಬಳಸುವವರು ಯಾರು ಯಾರು, ಅವರಲ್ಲಿ ಒಬ್ಬೊಬ್ಬರೂ ಇದರ ಯಾವ ಅಂಶವನ್ನು ಬಳಸುತ್ತಾರೆ, ಒಬ್ಬನಿಗಾಗಿ ಮಾಡಿದ ಬದಲಾವಣೆ ಇನ್ನೊಬ್ಬನನ್ನು ಕಾರಣವಿಲ್ಲದೆ ತಟ್ಟುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಸಬೇಕು. ಬಳಸುವವರೆಲ್ಲರೂ ಎಲ್ಲ ಕಾರ್ಯಗಳನ್ನೂ ಬಳಸುವುದಾದರೆ, ಹತ್ತು ಮೆಥಡ್‌ಗಳ ಇಂಟರ್‌ಫೇಸನ್ನೂ ಒಡೆಯಬೇಕಾದ ಕಾರಣವಿಲ್ಲ. ಇಬ್ಬರು ಬೇರೆ ಬೇರೆ ಬಳಕೆದಾರರು ಒಂದೊಂದನ್ನು ಮಾತ್ರ ಬಳಸುವುದಾದರೆ, ಎರಡೇ ಮೆಥಡ್‌ಗಳಿದ್ದರೂ ಒಡೆಯುವುದೇ ಲೇಸು. ಕೈಗೆ ಸಿಕ್ಕ ಒಂದು ಹಳೆಯ ಪ್ರೋಗ್ರಾಮನ್ನು ತೆಗೆದುಕೊಂಡು, ಅದರ ಒಂದೊಂದು ಕ್ಲಾಸಿಗೂ ಬಳಕೆದಾರರ ಪಟ್ಟಿಯನ್ನು ವಿದ್ಯಾರ್ಥಿಗಳಿಂದ ಬರೆಯಿಸಿದರೆ, ಸೂತ್ರವನ್ನು ನೂರು ಸಲ ಒಪ್ಪಿಸುವುದರಿಂದ ಬಾರದ ತಿಳಿವಳಿಕೆ ಒಂದು ಮಧ್ಯಾಹ್ನದಲ್ಲಿ ಬಂದೀತು.